ಪದಚರ್ಚೆ: ‘ಬೇಟೆ ದರ’ದಲ್ಲಿ ಎರಡು ಲೆಕ್ಕ ಸೇರಿಕೊಂಡಿವೆ. ‘ತಲಾ ಬೇಟೆ’, ‘ತೋಳದ ಪಾಲು’ ನಡೆಯುತ್ತವೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಾವು ಕೆಲವು ಮೇಷ್ಟ್ರುಗಳು ಸೇರಿ ಪಿಯುಸಿ ಮಕ್ಕಳಿಗೆ ಜೀವವಿಜ್ಞಾನದ ಒಂದು ಪುಸ್ತಿಕೆ ಬರೆಯುತ್ತಿದ್ದೇವೆ. ಅದರಲ್ಲಿ ತೋಳ ಮತ್ತು ಮೂಸ್ (ಚಳಿ ನಾಡುಗಳ ಭಾರೀ ಗಾತ್ರದ ಜಿಂಕೆ) ಬಗ್ಗೆ ಒಂದು ಪಾಠ ಇದೆ. ತೋಳಗಳ ಬೇಟೆಯಿಂದ ಮೂಸ್ ಸಂಖ್ಯೆ ಎಷ್ಟು ಇಳಿಯುತ್ತದೆ, ಅದನ್ನು ಅಳೆಯುವುದು ಹೇಗೆ ಅನ್ನುವುದೇ ಪಾಠ. ಇಂಗ್ಲಿಷಿನವರು ಇಲ್ಲಿ ‘ಕಿಲ್ ರೇಟ್’ ಅಂತ ಒಂದು, ‘ಪ್ರಿಡೇಶನ್ ರೇಟ್’ ಅಂತ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದಾರೆ. ನಮ್ಮ ಕರಡಿನಲ್ಲಿ ಎರಡಕ್ಕೂ ‘ಬೇಟೆ ದರ’ ಅಂತಲೇ ಬಿದ್ದಿದೆ. ಇದನ್ನು ಬಿಡಿಸಲು ನಿಮ್ಮ ಸಹಾಯ ಬೇಕು.

ಮೊದಲು ಅಲ್ಲಿ ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. ಮಿಷಿಗನ್ ರಾಜ್ಯಕ್ಕೆ ಸೇರಿದ ರಾಷ್ಟ್ರೀಯ ಉದ್ಯಾನ ಅದು. 20ನೇ ಶತಮಾನದ ಶುರುವಿನಲ್ಲಿ ಅಲ್ಲಿಗೆ ಮೂಸ್ ಬಂದವು. 1940ರ ದಶಕದ ಕೊನೆಯಲ್ಲಿ ಸರೋವರ ಹೆಪ್ಪುಗಟ್ಟಿದ್ದಾಗ ಅದರ ಮೇಲೆ ನಡೆದುಕೊಂಡೇ ತೋಳಗಳೂ ಬಂದವು. 1958ರಲ್ಲಿ ಡರ್ವರ್ಡ್ ಅಲೆನ್ ಎಂಬ ವಿಜ್ಞಾನಿ ಎರಡರ ಲೆಕ್ಕವನ್ನೂ ಇಡಲು ಶುರು ಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ. ಮೂಸ್ ಹಿಡಿಯಲು ಅಲ್ಲಿ ತೋಳ ಬಿಟ್ಟರೆ ಬೇರೆ ಪ್ರಾಣಿಯಿಲ್ಲ, ಬಂದೂಕು ಹಿಡಿದ ಮನುಷ್ಯರೂ ಇಲ್ಲ. ಲೆಕ್ಕಕ್ಕೆ ಹೇಳಿ ಮಾಡಿಸಿದ ಜಾಗ.

ಚಳಿಗಾಲದಲ್ಲಿ ಸಣ್ಣ ವಿಮಾನದಲ್ಲಿ ಹಾರುತ್ತಾ, ಹಿಮದ ಮೇಲೆ ಮೂಡಿದ ತೋಳದ ಹೆಜ್ಜೆ ಹಿಡಿದು ಹೋಗುತ್ತಾರೆ. ಹೆಜ್ಜೆ ನಿಂತ ಕಡೆ ತೋಳಗಳು ಇರುತ್ತವೆ, ಇಲ್ಲವೇ ಅವು ಕೆಡವಿದ ಮೂಸ್ ಬಿದ್ದಿರುತ್ತದೆ. ತೋಳಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಎಣಿಸಬಹುದು. ಮೂಸ್ ಹಾಗಲ್ಲ, ಮರಗಳ ಮರೆಯಲ್ಲಿ ನಿಂತುಬಿಡುತ್ತವೆ. ಅದಕ್ಕೆ ಕಾಡಿನ ಕೆಲವು ತುಂಡುಗಳಲ್ಲಿ ಮಾತ್ರ ಎಣಿಸಿ, ಕಣ್ತಪ್ಪಿದವು ಎಷ್ಟಿರಬಹುದು ಅಂತ ಸೇರಿಸಿ, ಇಡೀ ದ್ವೀಪಕ್ಕೆ ಅಂದಾಜು ಕಟ್ಟುತ್ತಾರೆ. ಆಮೇಲೆ ಸತ್ತ ಮೂಸಿನ ಎಲುಬು. ಹಲ್ಲನ್ನು ತೆಳ್ಳಗೆ ಕೊಯ್ದರೆ ವರ್ಷಕ್ಕೊಂದು ಗೆರೆ ಕಾಣುತ್ತದೆ, ಅದರಿಂದ ವಯಸ್ಸು ಸಿಗುತ್ತದೆ. ಮಜ್ಜೆಯನ್ನೂ ನೋಡುತ್ತಾರೆ. (ಬಾಡೂಟದಲ್ಲಿ ನಲ್ಲಿ ಎಲುಬು ಹೀರುತ್ತೀರಲ್ಲ, ಒಳಗಿರುವುದು ಅದೇ.) ಮಜ್ಜೆ ಗಟ್ಟಿಯಾಗಿ ಬೆಳ್ಳಗಿದ್ದರೆ ಪ್ರಾಣಿ ಮೈ ತುಂಬಿಕೊಂಡಿತ್ತು. ಕೆಂಪಗೆ ಲೋಳೆಲೋಳೆಯಾಗಿದ್ದರೆ ಮೇವಿಲ್ಲದೆ ಸೊರಗಿತ್ತು.

ಇನ್ನು ನಮ್ಮ ತೊಡಕು. ಸುಮ್ನೆ ಲೆಕ್ಕಕ್ಕೆ ಅಂತ 25 ತೋಳ ಇಟ್ಟುಕೊಳ್ಳಿ. ಎಲ್ಲಾ ಸೇರಿ ತಿಂಗಳಿಗೆ 20 ಮೂಸ್ ಕೊಂದವು. ಒಂದು ತೋಳಕ್ಕೆ 0.8 ಬಿತ್ತು. ಇದು ಕಿಲ್ ರೇಟ್, ತೋಳದ ಹೊಟ್ಟೆಯ ಕಡೆಯಿಂದ ನೋಡಿದ ಲೆಕ್ಕ. ದ್ವೀಪದಲ್ಲಿ 1,000 ಮೂಸ್ ಇದ್ದರೆ ಆ ತಿಂಗಳು ಹೋದದ್ದು ನೂರಕ್ಕೆ 2. ಇದ್ದದ್ದೇ 500 ಆದರೆ ನೂರಕ್ಕೆ 4. ಇದು ಪ್ರಿಡೇಶನ್ ರೇಟ್, ಹಿಂಡಿನ ಕಡೆಯ ಲೆಕ್ಕ. ತೋಳಗಳು ತಿಂದದ್ದು ಒಂದು ಚೂರೂ ಜಾಸ್ತಿಯಾಗಿಲ್ಲ, ಹಿಂಡಿಗೆ ಬಿದ್ದ ಹೊಡೆತ ಮಾತ್ರ ದುಪ್ಪಟ್ಟು. ಈಗ ‘ಬೇಟೆ ದರ ಏರಿತು’ ಅಂತ ಬರೆದರೆ ಓದುವ ಹುಡುಗ ಯಾವುದು ಅಂತ ತಿಳಿಯಬೇಕು? ಇದು ಬರೀ ಪದದ ಜಗಳವೂ ಅಲ್ಲ. ಹಿಂಡು ಬೆಳೆಯುತ್ತಿದೆಯೋ ಕರಗುತ್ತಿದೆಯೋ ಅನ್ನುವುದಕ್ಕೆ ಎರಡನೆಯ ಲೆಕ್ಕವೇ ಆಧಾರ, ಮೊದಲನೆಯದನ್ನು ನಂಬಿ ಹೇಳಲಾಗದು ಅಂತ ಈ ಸಂಶೋಧಕರೇ ಬರೆದಿದ್ದಾರೆ.

‘ಬೇಟೆ’ಯಲ್ಲೇ ಒಂದು ಇಕ್ಕಟ್ಟಿದೆ. ‘ತೋಳದ ಬೇಟೆ’ ಅಂದರೆ ತೋಳ ಆಡಿದ ಬೇಟೆಯೋ, ತೋಳವನ್ನೇ ಯಾರೋ ಬೇಟೆಯಾಡಿದ್ದೋ? ಎರಡನೆಯದಾದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೀಳುತ್ತದೆ! ಸಿಕ್ಕ ಪ್ರಾಣಿಗೂ ಬೇಟೆ ಅಂತಲೇ ಅನ್ನುತ್ತೇವೆ. ಪಠ್ಯಪುಸ್ತಕದ ‘ಪರಭಕ್ಷಣೆ’ಯಲ್ಲಿ ಈ ಗೊಂದಲ ಇಲ್ಲ, ನಿಜ. ಆದರೆ ನನಗೆ ಅದು ಹಿಡಿಸಿಲ್ಲ. ಪರರನ್ನು ತಿನ್ನದೆ ತನ್ನನ್ನೇ ತಿನ್ನುವ ಪ್ರಾಣಿ ಯಾವುದಿದೆ, ಹೇಳಿ.

ಕಿಲ್ ರೇಟಿಗೆ ‘ತಲಾ ಬೇಟೆ’ ಸಾಕು ಅನ್ನಿಸುತ್ತದೆ. ಪೇಪರ್ ಓದುವ ಎಲ್ಲರಿಗೂ ‘ತಲಾ ಆದಾಯ’ ಗೊತ್ತು. ‘ತೋಳಗಳ ತಲಾ ಬೇಟೆ ತಿಂಗಳಿಗೆ 0.8’ ಅಂದರೆ ಯಾರೂ ತಡವರಿಸುವುದಿಲ್ಲ. ‘ದರ’ವೂ ತಪ್ಪುತ್ತದೆ. ದರ ಅಂದ ಕೂಡಲೇ ನಮ್ಮೂರಿನವರ ತಲೆಗೆ ಬರುವುದು ಎಪಿಎಂಸಿಯ ಮೆಕ್ಕೆಜೋಳ.

ಎರಡನೆಯ ಪದ ಜಗಳೂರು ಕಡೆ ಕುರಿ ಕಾಯುವ ಒಬ್ಬ ಅಜ್ಜನ ಮಾತಿನಲ್ಲಿ ಸಿಕ್ಕಿತು. ಈ ಸಲ ಹಟ್ಟಿಯಲ್ಲಿ ಕುರಿ ಹೆಂಗಿದಾವೆ ಅಂತ ಕೇಳಿದೆ. “ಏನ್ ಹೇಳ್ಲಿ ಮೇಷ್ಟ್ರೇ, ಒಂದಿಷ್ಟು ರೋಗಕ್ಕೆ ಹೋದ್ವು, ಎರಡು ಮರಿ ಮಳೆಗೆ ಹೋದ್ವು, ಒಂದು ತೋಳದ ಪಾಲಾತು” ಅಂದ. ಕೇಳಿ ನೋಡಿ, ಸಾವಿನ ಕಾರಣಗಳನ್ನು ಎಷ್ಟು ಚೊಕ್ಕವಾಗಿ ಬೇರೆ ಮಾಡಿಬಿಟ್ಟ! ರೋಗಕ್ಕೆ, ಮಳೆಗೆ ‘ಹೋಗು’ ಸಾಕು. ತೋಳ ಬಂದಾಗ ಮಾತ್ರ ‘ಪಾಲಾಗು’. ಹುಲಿ ಪಾಲು, ಹದ್ದಿನ ಪಾಲು, ನೀರು ಪಾಲು, ಇವೆಲ್ಲ ನಮ್ಮ ಬಾಯಲ್ಲಿ ಮೊದಲೇ ಇವೆ. ಪಾಲು ಅಂದರೆ ಭಾಗವೂ ಹೌದು, ಅಲ್ವಾ? ಹಿಂಡಿನಲ್ಲಿ ನೂರಕ್ಕೆ ಇಷ್ಟು ಅನ್ನುವ ಅರ್ಥ ಪದದ ಒಳಗೇ ಕೂತಿದೆ. ‘ಈ ವರ್ಷ ಮೂಸ್ ಹಿಂಡಿನಲ್ಲಿ ತೋಳದ ಪಾಲು ನೂರಕ್ಕೆ ಹತ್ತು.’ ನನ್ನ ಕಿವಿಗೆ ಇದು ಕನ್ನಡ.

ನಮ್ಮಲ್ಲೇ ಇಬ್ಬರು ತಕರಾರು ಎತ್ತಿದ್ದಾರೆ. ಒಬ್ಬರಿಗೆ ಪಾಲು ಅಂದರೆ ಹಕ್ಕು ಅನ್ನಿಸುತ್ತದೆ, ಅಣ್ಣತಮ್ಮಂದಿರ ಆಸ್ತಿ ಪಾಲಿನ ಹಾಗೆ, ಇಲ್ಲವೇ ಕುರಿಯನ್ನು ಪಾಲಿಗೆ ಸಾಕಲು ಕೊಡುತ್ತೇವಲ್ಲ ಹಾಗೆ. ತೋಳಕ್ಕೂ ಒಂದು ಹಕ್ಕಿದೆ ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ನನ್ನ ಅಡ್ಡಿಯೇನಿಲ್ಲ, ಹಾಗಾಗಿ ಈ ತಕರಾರನ್ನು ಬದಿಗಿಟ್ಟಿದ್ದೇನೆ.

ಹೊಸದುರ್ಗ ಕಡೆಯ ಮೇಡಂ ಹೇಳಿದ್ದು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ‘ತೋಳದ ಪಾಲು ನೂರಕ್ಕೆ ಹತ್ತು’ ಅಂದರೆ ಬದುಕಿದ್ದ ನೂರರಲ್ಲಿ ಹತ್ತನ್ನು ತೋಳ ತಿಂದಿತು ಅಂತಲೋ, ಸತ್ತ ನೂರರಲ್ಲಿ ಹತ್ತು ತೋಳದಿಂದ ಸತ್ತವು ಅಂತಲೋ? ಎರಡೂ ಬೇರೆ. ಆ ಅಜ್ಜನ ಮಾತು ನಿಜಕ್ಕೂ ಎರಡನೆಯ ಥರದ್ದು, ಅವನು ಎಣಿಸಿದ್ದು ಸತ್ತ ಕುರಿಗಳನ್ನು. ನಮಗೆ ಬೇಕಾದದ್ದು ಮೊದಲನೆಯದು. ‘ಇದ್ದವುಗಳಲ್ಲಿ ತೋಳದ ಪಾಲು’, ‘ಸತ್ತವುಗಳಲ್ಲಿ ತೋಳದ ಪಾಲು’ ಅಂತ ಬಿಡಿಸಿ ಬರೆಯಬಹುದು. ಪದೇ ಪದೇ ಬರೆಯಲು ಉದ್ದವಾಯಿತು. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಇದರ ಜೊತೆಗೇ ಇನ್ನೊಂದು ಜೋಡಿ ಪದ ಬೇಕು. ತೋಳಗಳು ಜಾಸ್ತಿ ಹಿಡಿಯುವುದು ಕರುಗಳನ್ನು ಮತ್ತು ಕೀಲು ಸವೆದ ಮುದಿ ಮೂಸ್‌ಗಳನ್ನು. ಆ ಮುದಿ ಮೂಸ್ ಹೇಗಿದ್ದರೂ ಆ ಚಳಿಗಾಲ ದಾಟುತ್ತಿರಲಿಲ್ಲ ಅನ್ನಿ. ಆಗ ತೋಳ ತಿಂದದ್ದರಿಂದ ಹಿಂಡಿಗೆ ಹೊಸ ನಷ್ಟವಿಲ್ಲ. ಹಸಿವಿನ ಲೆಕ್ಕದ ಸಾವು ತೋಳದ ಲೆಕ್ಕಕ್ಕೆ ಬಂತು, ಅಷ್ಟೇ. ಇದಕ್ಕೆ ‘ಬದಲಿ ಸಾವು’, ಉಳಿಯಬೇಕಾಗಿದ್ದ ಪ್ರಾಣಿ ಹೋದರೆ ‘ಮೇಲ್‌ಸಾವು’ ಅಂತ ಇಟ್ಟಿದ್ದೇವೆ. ‘ಬದಲಿ’ ಪರವಾಗಿಲ್ಲ. ‘ಮೇಲ್‌ಸಾವು’ ಯಾಕೋ ಮೇಲ್ಜಾತಿ, ಮೇಲ್ಮನವಿಯ ಸಾಲಿಗೆ ಸೇರಿದಂತೆ ಕೇಳುತ್ತದೆ. ‘ಹೆಚ್ಚುವರಿ ಸಾವು’ ಇನ್ನೂ ಕೆಟ್ಟದು, ಸರ್ಕಾರಿ ಸುತ್ತೋಲೆಯ ಭಾಷೆ.

ಈ ಪದಗಳಿಲ್ಲದೆ ಪಾಠ ಮುಂದೆ ಹೋಗುವುದಿಲ್ಲ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. ನಾಯಿಗಳಿಂದ ಬಂದ ಪಾರ್ವೊ ವೈರಸ್ ಹರಡಿ, ಎರಡು ವರ್ಷದಲ್ಲಿ 14ಕ್ಕೆ ಇಳಿದವು. ತೋಳದ ಪಾಲು ಕಡಿಮೆಯಾಗಿ ಮೂಸ್ ಏರುತ್ತಾ ಹೋಗಿ 1995ರ ಹೊತ್ತಿಗೆ ಸುಮಾರು 2,400 ಆದವು. ಮರುವರ್ಷದ ಚಳಿಗಾಲ ಭೀಕರವಾಗಿತ್ತು. ಮೇವೂ ಸಾಲದೆ, ರಕ್ತ ಹೀರುವ ಉಣ್ಣಿಗಳ ಕಾಟವೂ ಸೇರಿ ಮೂಸ್ ಗುಂಪುಗುಂಪಾಗಿ ಸತ್ತವು. ತೋಳ ತಿನ್ನದೆ ಬಿಟ್ಟದ್ದನ್ನು ಹಸಿವು ತಿಂದಿತು. 2018ರ ಹೊತ್ತಿಗೆ ತೋಳಗಳು ಎರಡೇ ಉಳಿದಿದ್ದವು. ಆ ವರ್ಷವೂ ಮುಂದಿನ ವರ್ಷವೂ ಹೊರಗಿನಿಂದ 19 ತೋಳಗಳನ್ನು ತಂದು ಬಿಟ್ಟರು.

ಅಂದಹಾಗೆ ‘ಮೂಸ್’ ಅನ್ನು ‘ಕಡವೆ’ ಮಾಡಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ಕಡವೆ ನಮ್ಮ ಕಾಡಿನದು, ಬೇರೆಯೇ ಪ್ರಾಣಿ. ಮೂಸ್ ಮೂಸ್ ಆಗಿಯೇ ಇರಲಿ.

ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಗೆಳೆಯರಿಗೆ ಒಂದು ಕೋರಿಕೆ. ಹೇಗೂ ಸಾಯಲಿದ್ದ ಕುರಿಯನ್ನು ತೋಳ ಹೊತ್ತೊಯ್ದರೆ ನಿಮ್ಮ ಹಟ್ಟಿಗಳಲ್ಲಿ ಅದಕ್ಕೆ ಬೇರೆ ಮಾತೇನಾದರೂ ಇದೆಯೇ? ಕುರಿ ಕಾಯುವವರ ಬಾಯಿಂದಲೇ ಕೇಳಿ ಬರೆದರೆ ಒಳ್ಳೆಯದು. ಕರಡು ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ.