ಮಳೆಗಾಲದ ಕಾರವಾರ ಸಿಮ್ಯುಲೇಟರ್‌ನಲ್ಲಿ ಬರಬೇಕಂದ್ರೆ ಯಾವ ವೆದರ್ ಆಡ್-ಆನ್?

ಕಡಲಕಾಗೆ_ಕಾರವಾರ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ) ಇದೆ, ಹೆಚ್ಚಾಗಿ ಸೆಸ್ನಾ 172 ಹಾರಿಸುತ್ತೇನೆ. ಗೋವಾದ ದಾಬೋಲಿಯಿಂದ ಎದ್ದು ಕಡಲಂಚು ಹಿಡಿದು ಸದಾಶಿವಗಡ, ಗೋಕರ್ಣ, ಮುರ್ಡೇಶ್ವರ ನೋಡುತ್ತಾ ಮಂಗಳೂರಿಗೆ ಹೋಗುವುದು ನನ್ನ ಇಷ್ಟದ ದಾರಿ.

ತೊಂದರೆ ಏನಂದ್ರೆ ಹೊರಗೆ ಮಳೆ ಹೊಡೀತಾ ಇರುತ್ತದೆ, ಕಿಟಕಿಯಿಂದ ಕೂರ್ಮಗಡ ದ್ವೀಪವೂ ಕಾಣುವುದಿಲ್ಲ, ಆದರೆ ಲೈವ್ ವೆದರ್ (ನೆಟ್ ಮೂಲಕ ಆ ಹೊತ್ತಿನ ಹವೆ ತರುವ ಸೌಲಭ್ಯ) ಹಾಕಿದರೆ ಸಿಮ್‌ನಲ್ಲಿ ಅದೇ ಜಾಗದಲ್ಲಿ ತೆಳು ಮೋಡ, ಬಿಸಿಲು. ಆಕ್ಟಿವ್ ಸ್ಕೈ ತಗೊಳ್ಳಲಾ, ರೆಕ್ಸ್ ವೆದರ್ ಫೋರ್ಸ್ ತಗೊಳ್ಳಲಾ ಅಂತ ಯೋಚನೆ, ಎರಡೂ ಸಿಮ್‌ಗೆ ಹವೆ ತುಂಬುವ ಆಡ್-ಆನ್ ತಂತ್ರಾಂಶಗಳು. ಕೂತು ಹಾರಿಸುವುದು ರಾತ್ರಿ ಊಟ ಆದ ಮೇಲೆ, ಆದರೆ ನನಗೆ ಬೇಕಾಗಿರುವುದು ಹಗಲಿನ ಹವೆ. ಮತ್ತೆ ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಯಾವಾಗ ಹೋಗುತ್ತದೆ ಹೇಳೋಕಾಗಲ್ಲ. ಬಳಸಿದವರು ಹೇಳಿ.

ಶಿರಸಿ_ಸೆಸ್ನಾ

ದುಡ್ಡು ಹಾಕುವ ಮೊದಲು ಒಂದು ವಿಷಯ ನೋಡಿ. ಆಡ್-ಆನ್ ಯಾವುದೇ ಇರಲಿ, ಅದಕ್ಕೆ ಹವೆಯ ಮಾಹಿತಿ ಎಲ್ಲಿಂದಲೋ ಬರಬೇಕಲ್ವಾ? ನೆಲದ ಹತ್ತಿರದ ಹವೆಗೆ ಈ ತಂತ್ರಾಂಶಗಳು ಮುಖ್ಯವಾಗಿ ನಂಬಿರುವುದು ವಿಮಾನ ನಿಲ್ದಾಣಗಳು ಕೊಡುವ ಮೆಟಾರ್ ಅನ್ನುವ ಹವೆ ವರದಿಯನ್ನು. ನಮ್ಮ ಸುತ್ತ ಮೆಟಾರ್ ಕೊಡುವ ಊರು ಅಂದ್ರೆ ದಾಬೋಲಿ, ಮೋಪಾ, ಬೆಳಗಾವಿ, ಹುಬ್ಬಳ್ಳಿ, ಆಮೇಲೆ ದಕ್ಷಿಣಕ್ಕೆ ಮಂಗಳೂರು. ಕಾರವಾರದಿಂದ ನೇರ ಗೆರೆ ಎಳೆದರೆ ದಾಬೋಲಿ ಸುಮಾರು 70 ಕಿ.ಮೀ., ಹುಬ್ಬಳ್ಳಿ 120, ಮಂಗಳೂರು 220ರ ಹತ್ತಿರ. ಅಂಕೋಲಾದಿಂದ ಭಟ್ಕಳದ ತನಕ ನೀವು ನೋಡುವ ಹವೆ ಈ ದೂರದ ನಿಲ್ದಾಣಗಳ ನಡುವೆ ಲೆಕ್ಕ ಹಾಕಿ ತುಂಬಿದ್ದು, ಇಲ್ಲಾಂದ್ರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯ ಅಂದಾಜು.

ನಮ್ಮ ಶಿರಸಿಯ ಕಥೆ ಇನ್ನೂ ಕಷ್ಟ. ಹತ್ತಿರದ ಮೆಟಾರ್ ಹುಬ್ಬಳ್ಳಿಯದು, ಅದು ಘಟ್ಟದ ಆಚೆ, ಮಳೆ ನೆರಳಿನ ಊರು. ಜುಲೈನಲ್ಲಿ ಇಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಅಡಿಕೆಗೆ ಔಷಧಿ ಹೊಡೆಯಲು ಒಂದು ಹೊತ್ತು ಹೊಳವಾದರೆ ಸಾಕು ಅಂತ ಕಾಯುತ್ತೇವೆ, ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಒಣ ಗಾಳಿ ಬೀಸುತ್ತಿರುತ್ತದೆ. ಬರೀ ಮೆಟಾರ್ ನಂಬಿದ ಆಡ್-ಆನ್ ಹಾಕಿಕೊಂಡರೆ ಆ ಒಣ ಹವೆಯೇ ಶಿರಸಿಗೂ ಬಂದು ಕೂರುತ್ತದೆ. ಮಾದರಿಯ ಲೆಕ್ಕ ಇದಕ್ಕಿಂತ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಸಿಮ್‌ನ ಲೈವ್ ವೆದರ್ ಸ್ವಿಟ್ಜರ್‌ಲೆಂಡಿನ ಮೀಟಿಯೋಬ್ಲೂ ಕಂಪನಿಯ ಮಾದರಿಯಿಂದ ಬರುತ್ತದೆ, 2021ರ ನವೆಂಬರ್‌ನ ಅಪ್‌ಡೇಟ್‌ನಿಂದ ಮೆಟಾರ್ ಕೂಡ ಬೆರೆಸುತ್ತಾರೆ. ನಿಲ್ದಾಣದ ಹತ್ತಿರ ಅದು ಚೆನ್ನಾಗಿ ಹೊಂದುತ್ತದೆ. ನಡುವಿನ ಖಾಲಿ ಜಾಗದಲ್ಲೇ ತಪ್ಪುವುದು, ಅಂದ್ರೆ ಸರಿಯಾಗಿ ನಮ್ಮ ಜಿಲ್ಲೆಯಲ್ಲಿ.

ಅಂಕೋಲಾ_ಅಪ್ರೋಚ್

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ, ಇದನ್ನು ಅಂಗಡಿಯ ಪುಟದಲ್ಲಿ ಓದಿದರೆ ಬೇಗ ತಲೆಗೆ ಹೋಗುವುದಿಲ್ಲ. ಎಫ್‌ಎಸ್‌ಎಕ್ಸ್, ಪ್ರೀಪಾರ್3ಡಿ ಅನ್ನುವ ಹಳೆಯ ಸಿಮ್ಯುಲೇಟರ್‌ಗಳ ಕಾಲದಲ್ಲಿ ಆಕ್ಟಿವ್ ಸ್ಕೈ ಹೆಸರು ಮಾಡಿದ್ದು ಸುಮ್ನೆ ಅಲ್ಲ, ಆಗ ಹೊರಗಿನ ತಂತ್ರಾಂಶವೇ ಇಡೀ ಆಕಾಶವನ್ನು ಸಿಮ್‌ಗೆ ತುಂಬಬಹುದಿತ್ತು. 2020ರ ಸಿಮ್‌ನಲ್ಲಿ ಆ ಬಾಗಿಲು ತೆರೆದಿಲ್ಲ. ಹಾಗಾಗಿ ಆಡ್-ಆನ್‌ಗಳು ಪ್ರೀಸೆಟ್ ಮೂಲಕ ಹವೆ ಹಾಕುತ್ತವೆ, ನೀವು ಮುಂದೆ ಹೋದ ಹಾಗೆ ಪ್ರೀಸೆಟ್ ಬದಲಾಯಿಸುತ್ತಾ ಹೋಗುತ್ತವೆ. ಪ್ರೀಸೆಟ್ ಅಂದ್ರೆ ಮೊದಲೇ ಅಂಕಿ ಹಾಕಿ ಇಟ್ಟ ಹವೆ, ಎಲ್ಲ ದಿಕ್ಕಿಗೂ ಒಂದೇ ಆಕಾಶ. ಕಾರವಾರದ ಮೇಲೆ ಹಾರುವಾಗ ಎಡಕ್ಕೆ ಕೈಗಾ ಕಡೆಯ ಗುಡ್ಡದ ಮೇಲೆ ಕಪ್ಪು ಮೋಡ, ಬಲಕ್ಕೆ ಕಡಲಿನ ಮೇಲೆ ಹೊಳವು, ಈ ನೋಟ ಅದರಲ್ಲಿ ಸಿಗುವುದಿಲ್ಲ. ನಮ್ಮ ಕರಾವಳಿಯ ಆಕಾಶಕ್ಕೆ ಅದೇ ಜೀವಾಳ ಅಲ್ವಾ?

ಆಕ್ಟಿವ್ ಸ್ಕೈಯಲ್ಲಿ ಪ್ಯಾಸಿವ್ ಅಂತ ಇನ್ನೊಂದು ವಿಧಾನ ಇದೆ. ಮೋಡಗಳನ್ನು ಸಿಮ್‌ನ ಲೈವ್ ವೆದರ್‌ಗೇ ಬಿಟ್ಟು, ಅದು ಕುಲುಕಾಟ ಮತ್ತು ಹಾರಾಟಕ್ಕೆ ಮುಂಚಿನ ಹವಾ ವರದಿ ನೋಡಿಕೊಳ್ಳುತ್ತದೆ. ತಗೊಂಡರೆ ಹೀಗೆ ಬಳಸಿ. ಹಳೆಯ ದಿನಾಂಕದ ಹವೆ ಹಾಕುವ ಸೌಲಭ್ಯವೂ ಅದರಲ್ಲಿದೆ, ರಾತ್ರಿ ಕೂತು ಮಧ್ಯಾಹ್ನದ ಹವೆ ಬೇಕು ಅನ್ನುವ ನಿಮಗೆ ಅದೊಂದೇ ನಿಜವಾದ ಕಾರಣ. ಸಿಮ್‌ನಲ್ಲಿ ಗಡಿಯಾರ ಹಿಂದೆ ತಿರುಗಿಸಿದರೆ ಬೆಳಕು ಮಾತ್ರ ಬದಲಾಗುತ್ತದೆ, ಲೈವ್ ಹವೆ ಈಗಿನದೇ ಇರುತ್ತದೆ.

ವ್ಯಾಟ್‌ಸಿಮ್‌ನಲ್ಲಿ (ನೆಟ್‌ನಲ್ಲಿ ಎಲ್ಲರೂ ಒಟ್ಟಿಗೆ ಹಾರುವ ಜಾಲ) ಹಾರುತ್ತೀರಾ? ಹಾಗಿದ್ದರೆ ಗಾಳಿಯ ಒತ್ತಡ ಹೊಂದುವುದು ಮುಖ್ಯ, ಎತ್ತರದ ಮಾಪಕ ಅದನ್ನೇ ನಂಬಿರುವುದು. ಕಂಟ್ರೋಲರ್ ನಿಜವಾದ ಮೆಟಾರ್ ನೋಡಿ ಒತ್ತಡ ಹೇಳುತ್ತಾರೆ, ನಿಮ್ಮ ಸಿಮ್‌ನಲ್ಲಿ 4 ಹೆಕ್ಟೋಪಾಸ್ಕಲ್ ವ್ಯತ್ಯಾಸ ಇದ್ದರೆ ಎತ್ತರದಲ್ಲಿ 110 ಅಡಿ ಆಚೀಚೆ ಆಯಿತು. ಮಂಗಳೂರಿನ ಗುಡ್ಡದ ತುದಿಯ ರನ್‌ವೇಗೆ ಮಳೆಯಲ್ಲಿ ಇಳಿಯುವಾಗ ಅದು ಸಣ್ಣ ಮಾತಲ್ಲ.

ಕುಮಟಾ_ಕ್ರಾಸ್‌ವಿಂಡ್

ನಾನು ಎಕ್ಸ್-ಪ್ಲೇನ್ 12 ಅನ್ನುವ ಬೇರೆ ಸಿಮ್ಯುಲೇಟರ್‌ನವನು. ಇದಕ್ಕೆ ಆಡ್-ಆನ್ ಹಾಕಿಲ್ಲ, ಬೇಕು ಅಂತಲೂ ಅನಿಸಿಲ್ಲ. ಅಮೆರಿಕದ ಜಿಎಫ್‌ಎಸ್ ಮಾದರಿ ಮತ್ತು ಮೆಟಾರ್ ಸೇರಿಸಿ ಅದೇ ಹವೆ ಕಟ್ಟುತ್ತದೆ. ಆ ಮಾದರಿ ದಿನಕ್ಕೆ 4 ಸಲ ಹೊಸದಾಗುತ್ತದೆ, ಒಂದು ಚೌಕ ಸುಮಾರು 28 ಕಿ.ಮೀ. ಅಗಲ. ಕುಮಟಾ ಬಿಟ್ಟು ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಒಂದು ಚೌಕ ಮುಗಿಯುತ್ತದೆ, ಅದಕ್ಕಿಂತ ಸೂಕ್ಷ್ಮವಾಗಿ ಅದು ನೋಡಲಾರದು.

ನೆಟ್ ಹೋಗುವ ಊರಿನಲ್ಲಿ ಲೈವ್ ಹವೆಯ ಬೆನ್ನು ಹತ್ತುವುದಕ್ಕಿಂತ ಕೈಯಾರೆ ಒಂದು ಮಳೆಗಾಲದ ಪ್ರೀಸೆಟ್ ಮಾಡಿ ಇಟ್ಟುಕೊಳ್ಳಿ ಮಾರಾಯ್ರೆ. ದುಡ್ಡೂ ಬೇಡ.

ಕಡಲಕಾಗೆ_ಕಾರವಾರ

ತುಂಬಾ ಉಪಕಾರ ಆಯ್ತು. ವ್ಯಾಟ್‌ಸಿಮ್ ಇಲ್ಲ, ಒಬ್ಬನೇ ಹಾರುವುದು. ಹಾಗಾದ್ರೆ ಖರೀದಿ ಸದ್ಯಕ್ಕೆ ಬಿಟ್ಟೆ. ಆ ಪ್ರೀಸೆಟ್‌ಗೆ ಯಾವ ಅಂಕಿ ಹಾಕಬೇಕು, ಹೇಳ್ತೀರಾ?

ಕುಮಟಾ_ಕ್ರಾಸ್‌ವಿಂಡ್

ಜುಲೈನ ಜೋರು ಮಳೆಯ ದಿನಕ್ಕೆ ನಾನು ಇಡುವುದು ಇದು. ನೆಲದಲ್ಲಿ ಗಾಳಿ 260 ಡಿಗ್ರಿಯಿಂದ (ಅಂದ್ರೆ ಹೆಚ್ಚುಕಡಿಮೆ ಪಶ್ಚಿಮದಿಂದ) 15 ನಾಟ್, ಬೀಸು ಬಂದಾಗ 25. ಐದು ಸಾವಿರ ಅಡಿಯಲ್ಲಿ ಅದೇ ದಿಕ್ಕಿನಿಂದ 35 ನಾಟ್. ಇದನ್ನು ಬಿಡಬೇಡಿ, ಮುಂಗಾರಿನ ಬಲವಾದ ಗಾಳಿ ಹರಿಯುವುದೇ ಆ ಎತ್ತರದಲ್ಲಿ, ಹುಬ್ಬಳ್ಳಿ ಕಡೆ ಹೋಗುವಾಗ ವಿಮಾನ ಓಡಿದ್ದೇ ಓಡಿದ್ದು, ವಾಪಸ್ ಬರುವಾಗ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಉಷ್ಣತೆ 26 ಡಿಗ್ರಿ, ಒತ್ತಡ 1004 ಹೆಕ್ಟೋಪಾಸ್ಕಲ್. ಮೋಡ ಮೂರು ಪದರ: 1000 ಅಡಿಯಲ್ಲಿ ಚೂರು ಚೂರು, 1800ರಲ್ಲಿ ದಟ್ಟ, 8000ದ ಮೇಲೆ ಪೂರ್ತಿ ಮುಚ್ಚಿದ್ದು.

ಶಿರಸಿ_ಸೆಸ್ನಾ

ಅಂಕಿ ಚೆನ್ನಾಗಿದೆ. ಒಂದೇ ಮಾತು, ಮೋಡದ ಎತ್ತರವನ್ನು ಸಮುದ್ರ ಮಟ್ಟದಿಂದ ಅಂತ ಇಡಿ, ನೆಲದಿಂದ ಅಂತ ಇಟ್ಟರೆ ಘಟ್ಟ ಹತ್ತಿದ ಹಾಗೆ ಮೋಡವೂ ಮೇಲೆ ಹೋಗುತ್ತದೆ. ಶಿರಸಿ ಸುಮಾರು 1900 ಅಡಿ ಎತ್ತರದಲ್ಲಿದೆ. 1800ರ ಆ ದಟ್ಟ ಪದರ ಇಲ್ಲಿ ನೆಲಕ್ಕೇ ತಾಗಬೇಕು, ಮಳೆಗಾಲದಲ್ಲಿ ನಿಜವಾಗಿ ಆಗುವುದೂ ಅದೇ. ಕಣ್ಣಿನ ಅಂದಾಜಿನಲ್ಲಿ ಹಾರುವವರು ಆ ದಿನ ಘಟ್ಟದ ಕಡೆ ತಿರುಗದೆ ಕಡಲ ಬದಿಗೇ ಇರಿ.