ಊರ ಕೆರೆಯಲ್ಲಿ ದೋಣಿ ಬಿಡಬಹುದಾ? ಏರಿ ಬುಡದಲ್ಲಿ ನೀರು ಒಸರುತ್ತಿದೆ

ತೋಟದಮನೆ (ಹೊಸನಗರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆಯೇ ಊರ ಕೆರೆ ಇದೆ. ತುಂಬಿದಾಗ ಆರು ಎಕರೆ ಆಗಬಹುದು. ಮಣ್ಣಿನ ಏರಿ, ಉದ್ದ ಇನ್ನೂರೈವತ್ತು ಹೆಜ್ಜೆ. ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಎತ್ತರ 16 ಅಡಿ. ಏರಿ ಕೆಳಗೆ ಗದ್ದೆ, ಅಡಿಕೆ ತೋಟ, ಏಳು ಮನೆ, ಒಂದು ಅಂಗನವಾಡಿ.

ಎರಡು ವರ್ಷದಿಂದ ಹೋಂಸ್ಟೇ ನಡೆಸುತ್ತಿದ್ದೇನೆ. ಬಂದವರೆಲ್ಲ ಕೆರೆಗೆ ಇಳಿಯಬೇಕು ಅನ್ನುತ್ತಾರೆ. ಎರಡು ಕಯಾಕ್, ಒಂದು ತೆಪ್ಪ ತರುವ ಯೋಚನೆ ಇದೆ. ಪಂಚಾಯಿತಿಯವರು ಬಾಯಿಮಾತಿನಲ್ಲಿ ಅಡ್ಡಿ ಇಲ್ಲ ಎಂದಿದ್ದಾರೆ.

ಆದರೆ ಮೃಗಶಿರ ಮಳೆ ಹಿಡಿದ ಮೇಲೆ ತೂಬಿನಿಂದ ಇಪ್ಪತ್ತು ಹೆಜ್ಜೆ ಆಚೆ, ಏರಿಯ ಬುಡದಲ್ಲಿ ನೀರು ಒಸರುತ್ತಿದೆ. ಅಲ್ಲಿ ಹುಲ್ಲು ಬೇಸಿಗೆಯಲ್ಲೂ ಹಸಿರಾಗೇ ಇತ್ತು. ಏರಿ ಮೇಲೆ ಅಕೇಶಿಯಾ ಮರಗಳಿವೆ. ಮೀನು ಪಾಶುವಾರು (ಮೀನು ಹಿಡಿಯುವ ಗುತ್ತಿಗೆ) ಹಿಡಿದವರು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಗೆ ಒಂದಡಿ ಮರಳು ಚೀಲ ಇಟ್ಟು, ಮೀನು ಹೋಗದ ಹಾಗೆ ಬಲೆ ಕಟ್ಟಿದ್ದಾರೆ. ಒಸರುವ ಜಾಗಕ್ಕೆ ಜೇಡಿ ಮಣ್ಣು ಮೆತ್ತಿದರೆ ಸಾಕು ಎಂದು ಅಪ್ಪ ಹೇಳುತ್ತಾರೆ. ಗೊತ್ತಿದ್ದವರು ಹೇಳಿ.

ನಿವೃತ್ತ ಎಂಜಿನಿಯರ್, ಸಾಗರ:

ದೋಣಿ ವಿಷಯ ಆಮೇಲೆ ನೋಡೋಣ. ಮೊದಲು ಇವತ್ತೇ ಕೋಡಿಗೆ ಹೋಗಿ ಆ ಬಲೆ ಬಿಚ್ಚಿಸಿ. ಚೀಲಗಳನ್ನೂ ತೆಗೆಸಿ. ಆರಿದ್ರಾ ಮಳೆ ಶುರುವಾಗುವ ಮೊದಲೇ ಆಗಬೇಕು.

ಇಷ್ಟು ಅವಸರ ಯಾಕೆ ಅಂತ ಹೇಳುತ್ತೇನೆ. ನಾನು ಮೂವತ್ತು ವರ್ಷ ಕೆರೆ ಕೆಲಸದಲ್ಲೇ ಇದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಮ್ಮ ಕೆರೆಯಷ್ಟೇ ದೊಡ್ಡ ಒಂದು ಕೆರೆ ರಾತ್ರಿ ಒಡೆಯಿತು. ಬೆಳಿಗ್ಗೆ ಹೋಗಿ ನೋಡಿದೆ. ಏರಿ ಗಟ್ಟಿಯಾಗೇ ಇತ್ತು. ಒಡೆದ ಜಾಗ ಬಿಟ್ಟರೆ ಉಳಿದದ್ದಕ್ಕೆ ಏನೂ ಆಗಿರಲಿಲ್ಲ. ಕೋಡಿಯಲ್ಲಿ ಮಾತ್ರ ಬಲೆ, ಅದರ ತುಂಬ ದರಗು, ಬಿದಿರು ಕಡ್ಡಿ, ಒಂದು ಬಾಳೆಗಿಡ ಪೂರ್ತಿ ಸಿಕ್ಕಿಕೊಂಡಿತ್ತು. ನೀರಿಗೆ ಹೋಗಲು ದಾರಿ ಇರಲಿಲ್ಲ. ಏರಿ ಎಲ್ಲಿ ತಗ್ಗಾಗಿತ್ತೋ ಅಲ್ಲಿ ಹತ್ತಿ ಹರಿದಿದೆ. ಅದು ಗಾಡಿ ದಾಟಿ ದಾಟಿ ತಗ್ಗಾದ ಜಾಗ. ಜನ ಉಳಿದರು. ಒಂದು ಕೊಟ್ಟಿಗೆಯ ದನ ಉಳಿಯಲಿಲ್ಲ. ಆ ಮನೆಯ ಅಜ್ಜಿ ನನ್ನ ಕೈ ಹಿಡಿದು ಅತ್ತದ್ದು ಇವತ್ತಿಗೂ ನೆನಪಿದೆ. ಆ ಕೋಡಿ ನೋಡಿಕೊಳ್ಳುವುದು ನನ್ನ ಕೆಲಸವೂ ಆಗಿತ್ತಲ್ವಾ.

ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೂ ಸ್ವಲ್ಪ ಹೊತ್ತು ತಡೆಯುತ್ತದೆ. ಮಣ್ಣಿನ ಏರಿ ತಡೆಯುವುದಿಲ್ಲ. ಹೊರಮೈಯ ಮಣ್ಣು ಕೊರೆಯಲು ಶುರುವಾದರೆ ಗಂಟೆಗಳ ಲೆಕ್ಕ. ಹಾಗಾಗಿ ಏರಿಯ ಪ್ರಾಣ ಇರುವುದು ಕೋಡಿಯಲ್ಲಿ. 'ಒಂದೇ ಅಡಿ ಚೀಲ ತಾನೇ' ಎಂದು ಪಾಶುವಾರಿನವರು ಹೇಳುತ್ತಾರೆ. ಲೆಕ್ಕ ನೋಡಿ. ಕೋಡಿಯಲ್ಲಿ ನೀರು ಮೂರಡಿ ಎತ್ತರಕ್ಕೆ ಹರಿಯಲು ಜಾಗ ಇದೆ ಎಂದುಕೊಳ್ಳಿ. ಒಂದಡಿ ಚೀಲ ಇಟ್ಟರೆ ಎರಡಡಿ ಉಳಿಯಿತು. ಹೋಗುವ ನೀರು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಇಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಲೆಗೆ ಕಸ ಕಟ್ಟಿದರೆ ಆ ಅರ್ಧವೂ ಇಲ್ಲ.

ಇನ್ನು ಒಸರು. ಹೆದರಬೇಡಿ. ಮಣ್ಣಿನ ಏರಿ ಅಂದ ಮೇಲೆ ಒಂದಷ್ಟು ನೀರು ಒಳಗಿಂದ ಬಂದೇ ಬರುತ್ತದೆ. ನೋಡಬೇಕಾದದ್ದು ಎರಡು. ನೀರು ತಿಳಿಯಾಗಿದೆಯಾ? ಒಸರು ಜಾಸ್ತಿ ಆಗುತ್ತಿದೆಯಾ? ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಒಂದು ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತರೆ ಏರಿ ಒಳಗಿಂದ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಅದು ಅಪಾಯ. ತಿಳಿ ನೀರಾದರೆ ಸಣ್ಣ ಕಾಲುವೆ ತೋಡಿ ಒಂದು ಕಡೆ ಸೇರಿಸಿ. ಒಂದು ಪೈಪ್ ಇಟ್ಟು 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಎಂದು ದಿನಾ ಬರೆದಿಡಿ. ಪಕ್ಕದಲ್ಲೇ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ. ಕೆರೆ ಏರಿದಾಗ ಒಸರು ಏರುವುದು ಸಹಜ. ಕೆರೆ ಅಷ್ಟೇ ಇದ್ದು ಒಸರು ಮಾತ್ರ ಜಾಸ್ತಿಯಾದರೆ ಕೂಡಲೇ ಎಂಜಿನಿಯರನ್ನು ಕರೆಸಿ.

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ, ದಯವಿಟ್ಟು ಹೊರಗಡೆ ಜೇಡಿ ಮೆತ್ತಬೇಡಿ. ಜೇಡಿ ಇರಬೇಕಾದದ್ದು ನೀರಿನ ಕಡೆಗೆ. ಹೊರಗೆ ಬಾಯಿ ಮುಚ್ಚಿದರೆ ನೀರು ಏರಿ ಒಳಗೇ ತುಂಬಿ ಇನ್ನೊಂದು ಕಡೆ ಒಡೆದು ಬರುತ್ತದೆ. ಮಣ್ಣು ಬರುತ್ತಿದ್ದರೆ ಅದರ ಮೇಲೆ ಮೊದಲು ದಪ್ಪ ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ ಹಾಕಬೇಕು. ನೀರು ಬರಲಿ, ಮಣ್ಣು ನಿಲ್ಲಲಿ. ಒಂದು ಟ್ರ್ಯಾಕ್ಟರ್ ಮರಳು, ಒಂದು ಟ್ರ್ಯಾಕ್ಟರ್ ಜಲ್ಲಿ ಈಗಲೇ ಏರಿ ಹತ್ತಿರ ಹಾಕಿಸಿಡಿ. ಮಳೆಯಲ್ಲಿ ಆ ದಾರಿಗೆ ಗಾಡಿ ಹೋಗುವುದಿಲ್ಲ.

ಗಾಬರಿಯಾಗಿ ತೂಬನ್ನು ಒಮ್ಮೆಲೇ ಪೂರ್ತಿ ಎತ್ತಬೇಡಿ. ನೀರು ಸರ್ರನೆ ಇಳಿದರೆ ನೆನೆದ ಒಳಮೈ ಮಣ್ಣು ಕುಸಿಯುತ್ತದೆ. ನಾವು ದಿನಕ್ಕೆ ಒಂದಡಿ ಒಳಗೇ ಇಳಿಸುತ್ತಿದ್ದೆವು. ಅಕೇಶಿಯಾ ಮರಗಳನ್ನು ಈ ಮಳೆಯಲ್ಲಿ ಜೆಸಿಬಿ ತಂದು ಕೀಳಿಸುವುದೂ ಬೇಡ. ಬೇರು ಕಿತ್ತ ಗುಂಡಿ ಈಗ ಬಿದ್ದರೆ ಅದೇ ನೀರಿಗೆ ದಾರಿ. ಬೇಸಿಗೆಯಲ್ಲಿ ನೀರು ಇಳಿದಾಗ ಬೇರು ಸಮೇತ ತೆಗೆಸಿ, ಪದರ ಪದರವಾಗಿ ಮಣ್ಣು ಹಾಕಿ ದಮ್ಮಸು ಮಾಡಿಸಬೇಕು. ಸಣ್ಣ ಸಸಿಗಳನ್ನು ಮಾತ್ರ ಈಗಲೇ ಸವರಿ.

ಸೊರಬದ ಹುಡುಗಿ:

ಸರ್ ಏರಿ ವಿಷಯ ಹೇಳಿದರು. ನಾನು ನೀರಿನ ವಿಷಯ ಹೇಳುತ್ತೇನೆ. ನಮ್ಮೂರ ಕೆರೆ ನನಗೆ ಚಿಕ್ಕಂದಿನಿಂದ ಗೊತ್ತು. ಊರವರೆಲ್ಲ ಸೇರಿ ಮೀನು ಹಿಡಿಯುವ ಕೆರೆಬೇಟೆ ದಿನ, ಬಿದಿರಿನ ಕೂಣಿ ಹಿಡಿದು ಗಂಡಸರೆಲ್ಲ ಇಳಿಯುತ್ತಿದ್ದರು, ಸೊಂಟದ ಮಟ್ಟದ ನೀರು. ಎಲ್ಲಿ ಕಾಲಿಡಬೇಕು ಎಂದು ಮಕ್ಕಳಿಗೂ ಗೊತ್ತಿತ್ತು. ಒಂದು ಬೇಸಿಗೆ ಹೂಳೆತ್ತುವ ಹೆಸರಲ್ಲಿ ಮಣ್ಣು ಹೊಡೆದರು. ಜೆಸಿಬಿಯಲ್ಲಿ ನೆಟ್ಟಗೆ ಹತ್ತಡಿ ಗುಂಡಿ ತೆಗೆದು ಹಾಗೇ ಬಿಟ್ಟರು. ಮಳೆ ಬಂದ ಮೇಲೆ ಮೇಲಿಂದ ಏನೂ ಕಾಣುವುದಿಲ್ಲ. ನನ್ನ ಚಿಕ್ಕಮ್ಮನ ಮಗ ಈಜು ಬರುತ್ತದೆ ಎಂದೇ ಇಳಿದ. ಹದಿನೇಳು ವರ್ಷ.

ದಯವಿಟ್ಟು ಬೇಸಿಗೆಯಲ್ಲಿ ಒಮ್ಮೆ ಕೆರೆಯ ತಳ ನಡೆದು ನೋಡಿ. ಗುಂಡಿ ಇದ್ದಲ್ಲಿ ಬಿದಿರು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿ. ತೂಬಿನ ಸುತ್ತ ಹಗ್ಗ ಕಟ್ಟಿ ಖಾಲಿ ಕ್ಯಾನ್ ತೇಲಿಬಿಡಿ. ತೂಬು ತೆರೆದಿದ್ದಾಗ ಅದರ ಹತ್ತಿರ ನೀರು ಎಳೆಯುತ್ತದೆ. ಈಜು ಬರಲಿ ಬಿಡಲಿ, ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ದೋಣಿ ಹತ್ತಿಸಬೇಡಿ. ಗಾಳಿ ತುಂಬಿದ ಲಾರಿ ಟ್ಯೂಬಿಗೆ ಉದ್ದ ಹಗ್ಗ ಕಟ್ಟಿ ದಡದಲ್ಲೇ ಇಡಿ. ಅವನನ್ನು ಹಿಡಿಯಲು ಇನ್ನಿಬ್ಬರು ಹಾರಿದ್ದರು. ಅವರನ್ನು ಎಳೆದು ಹಾಕುವುದೇ ಕಷ್ಟವಾಯಿತು.

ತೀರ್ಥಹಳ್ಳಿಯಿಂದ:

ಅಕ್ಕ, ಓದಿ ಬೇಜಾರಾಯಿತು. ಸರ್, ಒಂದು ಪ್ರಶ್ನೆ. ಏಡಿ ಬಿಲದಿಂದ ಏರಿ ಒಡೆಯುತ್ತದಾ? ಡ್ಯಾಂ ಸುರಕ್ಷತೆಗೆ ಕಾನೂನು ಬಂದಿದೆಯಲ್ಲ, ಅದರ ಪ್ರಕಾರ ಯಾರೂ ಬಂದು ನೋಡುವುದಿಲ್ಲವಾ?

ನಿವೃತ್ತ ಎಂಜಿನಿಯರ್, ಸಾಗರ:

ತಂಗಿ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಹೂಳು ತೆಗೆಯುವಾಗ ಇಳಿಜಾರಾಗಿ ತೆಗೆಯಬೇಕು. ಏರಿ ಬುಡದ ಹತ್ತಿರವಂತೂ ಮಣ್ಣು ಮುಟ್ಟಲೇಬಾರದು.

ತೀರ್ಥಹಳ್ಳಿಯವರಿಗೆ: 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರ್ ಒಳಗಿನವು ಕೆಲವು ಷರತ್ತಿನ ಮೇಲೆ ಬರುತ್ತವೆ. 16 ಅಡಿ ಏರಿ ಅದರಲ್ಲಿ ಸೇರುವುದಿಲ್ಲ. ಅಚ್ಚುಕಟ್ಟು, ಅಂದರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್ ದಾಟಿದ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತ್‌ಗೆ. ಮೊದಲು ಕೆರೆ ನೋಡಿಕೊಳ್ಳುವ ನೀರುಗಂಟಿ ಇರುತ್ತಿದ್ದ. ಮಳೆ ರಾತ್ರಿ ಕಂಬಳಿ ಕೊಪ್ಪೆ ಹಾಕಿ ಏರಿ ಮೇಲೆ ನಡೆಯುತ್ತಿದ್ದ. ಈಗ ಊರವರೇ ನೋಡಬೇಕು.

ಏಡಿ ಬಿಲ, ಹುತ್ತ, ಮುಳ್ಳುಹಂದಿ ತೋಡಿದ್ದು ಎಲ್ಲವೂ ಕೆಟ್ಟದ್ದೇ, ಮುಚ್ಚಬೇಕು. ಆದರೆ ತಿವರೆ ಅಣೆಕಟ್ಟು ನೆನಪಿರಲಿ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆ, ನಮ್ಮ ಹಾಗೆಯೇ ಘಟ್ಟದ ಮಳೆ. 2019ರ ಜುಲೈ 2ರ ರಾತ್ರಿ ಆ ಮಣ್ಣಿನ ಕಟ್ಟೆ ಒಡೆದು ಇಪ್ಪತ್ತರ ಹತ್ತಿರ ಜನ ಹೋದರು. ಏಡಿಯಿಂದ ಆಯಿತು ಎಂಬ ಮಾತೂ ಬಂತು. ಆದರೆ ನೀರು ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಹಾಗಾಗಿ ನೀವು ಬಾಯಿಮಾತಿಗೆ ಬಿಡದೆ ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಡಿ. ಫೋಟೋ ಹಚ್ಚಿ, ಸ್ವೀಕೃತಿ ಪಡೆಯಿರಿ. ಕೆಳಗಿನ ಏಳು ಮನೆಯವರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ. ಕಲಕು ನೀರು ಕಂಡರೆ ಮೊದಲು ಅವರನ್ನು ಎಬ್ಬಿಸಿ, ಆಮೇಲೆ 112.

ದೋಣಿ ಬಗ್ಗೆ ನನ್ನ ಅಭಿಪ್ರಾಯ: ಮಳೆಗಾಲದಲ್ಲಿ ಬೇಡ. ಕೋಡಿ ಬಿದ್ದಿರುವಾಗ ಯಾರೂ ನೀರಿಗೆ ಇಳಿಯಬಾರದು. ದೀಪಾವಳಿ ಕಳೆದ ಮೇಲೆ, ಒಸರು ತಿಳಿಯಾಗೇ ಇದ್ದರೆ, ಖಂಡಿತ ಬಿಡಿ. ಹುಟ್ಟು ಹಾಕುವ ದೋಣಿಯಿಂದ ಏರಿಗೆ ಏನೂ ಆಗುವುದಿಲ್ಲ. ಮೋಟಾರು ದೋಣಿಯ ಅಲೆ ಮಾತ್ರ ಒಳಮೈ ಕಲ್ಲು ಸಡಿಲ ಮಾಡುತ್ತದೆ. ಏರಿ ಮೇಲೆ ಕಾರು ಬಿಡಬೇಡಿ. ಇಳಿಯಲು ಏರಿಯಲ್ಲಿ ಕಾಲುದಾರಿ ಮಾಡಬೇಡಿ, ಒಂದೇ ಮಳೆಗೆ ಕೊರಕಲಾಗುತ್ತದೆ. ಪಕ್ಕದ ಬೆಟ್ಟದ ಕಡೆಯಿಂದ ಇಳಿಸಿ. ಜನ ಕೆರೆಗೆ ಬರುವುದು ನನಗೆ ಸಂತೋಷ. ದಿನಾ ನಾಲ್ಕು ಜನ ಓಡಾಡುವ ಏರಿಯಲ್ಲಿ ಒಸರು ಬೇಗ ಕಣ್ಣಿಗೆ ಬೀಳುತ್ತದೆ.

ತೋಟದಮನೆ (ಹೊಸನಗರ ತಾಲ್ಲೂಕು):

ಸರ್, ಅಕ್ಕ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಪಾಶುವಾರಿನವರ ಜೊತೆ ಕೋಡಿಗೆ ಹೋದೆ. ಮೊದಲು ಒಪ್ಪಲಿಲ್ಲ. ಬಲೆಯಲ್ಲಿ ಆಗಲೇ ಮೊಣಕಾಲುದ್ದ ಕಸ ಸಿಕ್ಕಿತ್ತು. ಅದನ್ನು ನೋಡಿ ಅವರೇ ಬಿಚ್ಚಿದರು. ಚೀಲಗಳನ್ನು ನಾವು ನಾಲ್ಕು ಜನ ಎತ್ತಿದೆವು. ಅಪ್ಪನೂ ಬಂದಿದ್ದರು. ಬಾಟಲಿ ನೀರು ತಿಳಿಯಾಗಿದೆ, ತಳದಲ್ಲಿ ಏನೂ ಕೂತಿಲ್ಲ. ಬಕೆಟ್ ತುಂಬಲು 3 ನಿಮಿಷ 40 ಸೆಕೆಂಡ್.

ನಿವೃತ್ತ ಎಂಜಿನಿಯರ್, ಸಾಗರ:

ಒಳ್ಳೆಯದು. ಅಳೆದಾಗ ಕೆರೆ ಮಟ್ಟ ಎಷ್ಟಿತ್ತು?

ತೋಟದಮನೆ (ಹೊಸನಗರ ತಾಲ್ಲೂಕು):

ಕೋಡಿಗಿಂತ ಒಂದು ಗೇಣು ಕೆಳಗೆ. ಪುಸ್ತಕದಲ್ಲಿ ಬರೆದಿದ್ದೇನೆ ಸರ್.