ಡೇಟಾಬೇಸ್‌ನಲ್ಲಿ ಬೆಳಿಗ್ಗೆ 10, ಪೇಜ್‌ನಲ್ಲಿ ಮಧ್ಯಾಹ್ನ 3:30: ಟೈಮ್‌ಸ್ಟ್ಯಾಂಪ್ ಎಲ್ಲಿ ತಪ್ಪುತ್ತಿದೆ?

ಬಸವನಗುಡಿ_ವೆಬ್
ಜಯನಗರದ ಕಲ್ಯಾಣ ಮಂಟಪವೊಂದರ ಬುಕಿಂಗ್ ಸೈಟ್, ಸರ್ವರ್ ಕೋಡ್ ಪಿಎಚ್‌ಪಿ, ಡೇಟಾಬೇಸ್ ಮೈಎಸ್‌ಕ್ಯುಎಲ್. ಡೇಟ್‌ಟೈಮ್ ಕಾಲಮ್‌ನಲ್ಲಿ 2024-04-13 10:00:00 ಅಂತ ಸರಿಯಾಗಿಯೇ ಇದೆ. ಅದನ್ನು ಪಿಎಚ್‌ಪಿಯ ಸ್ಟ್ರ್‌ಟುಟೈಮ್ ಫಂಕ್ಷನ್‌ಗೆ ಕೊಟ್ಟು, ಬಂದ ಸಂಖ್ಯೆಯನ್ನು (ಟೈಮ್‌ಸ್ಟ್ಯಾಂಪ್, ಅಂದರೆ 1970ರ ಆರಂಭದಿಂದ ಎಣಿಸಿದ ಸೆಕೆಂಡ್) ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ಗೆ ಕಳಿಸುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ 10 ಗಂಟೆ ಬರುತ್ತೆ, ಸರ್ವರ್‌ಗೆ ಹಾಕಿದರೆ 3:30. ಮುಂಗಡ ಕಟ್ಟಿದ ದಿನಾಂಕ ಹಳೇ ಎಕ್ಸೆಲ್‌ನಿಂದ ಬಂದದ್ದು, ವಾರ್‌ಚಾರ್ (ಬರೀ ಪಠ್ಯದ) ಕಾಲಮ್. ಅದರಲ್ಲಿ ಕೆಲವು ಸಾಲು 1970ರ ಜನವರಿ 1 ಅಂತ ತೋರಿಸುತ್ತಿವೆ. ಟೈಮ್‌ಸ್ಟ್ಯಾಂಪ್‌ನಿಂದ 19800 ಸೆಕೆಂಡ್ ಕಳೆದುಬಿಟ್ಟರೆ ಸಾಕಾ?

ವಿಜಯನಗರ_ಬ್ಯಾಕೆಂಡ್
ದಯವಿಟ್ಟು ಕಳೀಬೇಡಿ ಸರ್. ಡೇಟ್‌ಟೈಮ್ ಕಾಲಮ್‌ಗೆ ಟೈಮ್‌ಝೋನ್ ಅನ್ನೋದೇ ಇಲ್ಲ. ಗಡಿಯಾರದ ಫೋಟೋ ತೆಗೆದಿಟ್ಟ ಹಾಗೆ: ಮುಳ್ಳು ಕಾಣುತ್ತೆ, ಯಾವ ಊರಿನ ಗಡಿಯಾರ ಅಂತ ಗೊತ್ತಾಗಲ್ಲ. ಸ್ಟ್ರ್‌ಟುಟೈಮ್ ಆ ಊರನ್ನು ಪಿಎಚ್‌ಪಿಯ ಡೀಫಾಲ್ಟ್ ಟೈಮ್‌ಝೋನ್‌ನಿಂದ ತುಂಬಿಕೊಳ್ಳುತ್ತೆ. ನಿಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿದೆ, ಹಾಗಾಗಿ 1712982600. ಸರ್ವರ್ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ), ಹಾಗಾಗಿ 1713002400. ನಡುವಿನ 19800 ಸೆಕೆಂಡೇ ಆ ಐದೂವರೆ ಗಂಟೆ. ಕೈಯಿಂದ ಕಳೆದಿಟ್ಟರೆ, ಸರ್ವರ್‌ನ ಟೈಮ್‌ಝೋನ್ ಯಾರಾದರೂ ಸರಿಪಡಿಸಿದ ದಿನ ಈ ಬುಕಿಂಗ್ ಬೆಳಗಿನ ಜಾವ 4:30ಕ್ಕೆ ಹೋಗಿ ಕೂರುತ್ತೆ.

ಸ್ಟ್ರ್‌ಟುಟೈಮ್ ಬದಲು ಪಿಎಚ್‌ಪಿಯ ಡೇಟ್‌ಟೈಮ್‌ಇಮ್ಯೂಟಬಲ್ ಆಬ್ಜೆಕ್ಟ್ ಮಾಡಿ; ಮಾಡುವಾಗ ಎರಡನೇ ಆರ್ಗ್ಯುಮೆಂಟ್ ಆಗಿ ಏಷ್ಯಾ/ಕೋಲ್ಕತಾ ಝೋನ್ ಕೊಡಿ, ಆಮೇಲೆ ಗೆಟ್‌ಟೈಮ್‌ಸ್ಟ್ಯಾಂಪ್ ಕರೆಯಿರಿ. ಸರ್ವರ್ ಎಲ್ಲಿದ್ದರೂ ಉತ್ತರ ಒಂದೇ. ಜಾವಾಸ್ಕ್ರಿಪ್ಟ್‌ಗೆ ಮಿಲಿಸೆಕೆಂಡ್ ಬೇಕು, 1000ದಿಂದ ಗುಣಿಸೋದು ಮರೀಬೇಡಿ; ಮರೆತರೆ ಇದೇ ಬುಕಿಂಗ್ 1970ರ ಜನವರಿ 21, ರಾತ್ರಿ 1:19 ಅಂತ ಬರುತ್ತೆ.

ಕ್ವೆರಿಯಲ್ಲೇ ಮೈಎಸ್‌ಕ್ಯುಎಲ್‌ನ ಯುನಿಕ್ಸ್_ಟೈಮ್‌ಸ್ಟ್ಯಾಂಪ್ ಫಂಕ್ಷನ್ ಬಳಸುವುದಾದರೆ ಅದು ಕನೆಕ್ಷನ್‌ನ ಟೈಮ್‌ಝೋನ್ ನೋಡುತ್ತೆ. ಕನೆಕ್ಟ್ ಆದ ತಕ್ಷಣ +05:30 ಸೆಟ್ ಮಾಡಿ.

ಮಲ್ಲೇಶ್ವರಂ_ಎಸ್‌ಕ್ಯುಎಲ್
1970ರದ್ದು ಬೇರೆಯೇ ಕಾಯಿಲೆ. ಓರೆಗೆರೆ ಇರುವ ದಿನಾಂಕವನ್ನು ಸ್ಟ್ರ್‌ಟುಟೈಮ್ ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ಅಂತ ಓದುತ್ತೆ. 13/04/2024 ಕೊಟ್ಟರೆ 13ನೇ ತಿಂಗಳಿಲ್ಲ, ಫಾಲ್ಸ್ (ಓದಲಾಗಲಿಲ್ಲ ಅನ್ನೋ ಉತ್ತರ) ಬರುತ್ತೆ. ಆ ಫಾಲ್ಸ್ ಮುಂದೆ ಸೊನ್ನೆಯಾಗುತ್ತೆ. ಸೊನ್ನೆ ಅಂದರೆ 1970ರ ಜನವರಿ 1, ನಮ್ಮಲ್ಲಿ ಬೆಳಿಗ್ಗೆ 5:30.

ನನಗೆ ಭಯ ಆ ಸಾಲುಗಳದ್ದಲ್ಲ, ಅವು ಕಣ್ಣಿಗೆ ಬಿದ್ದಿವೆ. 05/04/2024 ಅನ್ನೋದು ಏಪ್ರಿಲ್ 5ರ ಬದಲು ಮೇ 4 ಆಗಿ ಸದ್ದಿಲ್ಲದೆ ಒಳಗೆ ಹೋಗಿರುತ್ತೆ. ದಿನ 12ರೊಳಗಿದ್ದು, ದಿನ ತಿಂಗಳು ಎರಡೂ ಒಂದೇ ಅಲ್ಲದ ಪ್ರತಿ ಸಾಲಿಗೂ ಇದೇ ಗತಿ.

ಡೇಟ್ ಬಗೆಯ ಹೊಸ ಕಾಲಮ್ ಸೇರಿಸಿ, ಮೈಎಸ್‌ಕ್ಯುಎಲ್‌ನ ಸ್ಟ್ರ್_ಟು_ಡೇಟ್ ಫಂಕ್ಷನ್‌ನಿಂದ ದಿನ/ತಿಂಗಳು/ವರ್ಷ ಕ್ರಮ ಹೇಳಿ ತುಂಬಿ. ಹಳೇ ಕಾಲಮ್ ಈಗಲೇ ಅಳಿಸಬೇಡಿ, ಹೋಲಿಸಿ ನೋಡೋಕೆ ಬೇಕು. ಪಿಎಚ್‌ಪಿಯಲ್ಲೇ ಮಾಡುವುದಾದರೆ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್, ಆದರೆ ಫಾರ್ಮ್ಯಾಟ್‌ನ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ. ಇಲ್ಲದಿದ್ದರೆ ಕೋಡ್ ಓಡಿದ ಆ ಕ್ಷಣದ ಗಂಟೆ, ನಿಮಿಷ ದಿನಾಂಕಕ್ಕೆ ಅಂಟಿಕೊಳ್ಳುತ್ತೆ. 31/04/2024 ಕೊಟ್ಟರೆ ಅದು ಮೇ 1 ಮಾಡಿಕೊಡುತ್ತೆ, ಎರರ್ ಎಸೆಯಲ್ಲ. ಗೆಟ್‌ಲಾಸ್ಟ್‌ಎರರ್ಸ್‌ನಲ್ಲಿ ವಾರ್ನಿಂಗ್ ಇದೆಯಾ ನೋಡಿ.

ಬಸವನಗುಡಿ_ವೆಬ್
ಎರಡೂ ಅರ್ಥವಾಯಿತು, ಧನ್ಯವಾದ. ಬುಕಿಂಗ್ ಟೇಬಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಬಗೆಯ ಕಾಲಮ್ ಕೂಡ ಒಂದಿದೆ. ಕನೆಕ್ಷನ್‌ಗೆ +05:30 ಹಾಕಿದರೆ ಅದರಲ್ಲಿರೋದು ಕೆಡುತ್ತಾ?

ವಿಜಯನಗರ_ಬ್ಯಾಕೆಂಡ್
ಒಳಗಿರೋದು ಬದಲಾಗಲ್ಲ, ಕಾಣೋದು ಬದಲಾಗುತ್ತೆ. ಆ ಬಗೆ ಯುಟಿಸಿಯಲ್ಲಿ ಉಳಿಸಿ, ಓದುವಾಗ ಕನೆಕ್ಷನ್‌ನ ಸಮಯಕ್ಕೆ ತಿರುಗಿಸಿ ಕೊಡುತ್ತೆ. ಮೈಎಸ್‌ಕ್ಯುಎಲ್ ತಾನೇ ತುಂಬಿದ ಸಾಲುಗಳು ಇನ್ನು ಭಾರತದ ಸಮಯದಲ್ಲಿ ಸರಿಯಾಗಿ ಕಾಣುತ್ತವೆ. ಆದರೆ ಕನೆಕ್ಷನ್ ಯುಟಿಸಿಯಲ್ಲಿದ್ದಾಗ ನೀವು ಭಾರತದ ಸಮಯವನ್ನೇ ಬರೆದು ತುಂಬಿದ್ದರೆ, ಆ ಹಳೇ ಸಾಲುಗಳು ಐದೂವರೆ ಗಂಟೆ ಮುಂದಕ್ಕೆ ಕಾಣುತ್ತವೆ. ಬ್ಯಾಕಪ್ ತೆಗೆದು, ಆ ಸಾಲುಗಳನ್ನು ಮಾತ್ರ ಒಮ್ಮೆ ಸರಿಮಾಡಿ.